ಪರಂಪರೆ ಮತ್ತು ಪುನರುಜ್ಜೀವನ: ಹಂಫ್ರಿ ಲಿಟಲ್ಟನ್ ಅವರ ಜಾಸ್ ಬದುಕು

ಕಿವಿಯಿಂದ ಕಿವಿಗೆ ಸಾಗುವ ಕಲೆಯೊಂದು ಹುಟ್ಟಿದ ಸಮುದಾಯವನ್ನು ದಾಟಿ ಬೇರೊಂದು ನೆಲವನ್ನು ಸೇರಿದಾಗ, ಅದನ್ನು ಇದ್ದಂತೆಯೇ ಉಳಿಸಬೇಕೇ ಅಥವಾ ಬೆಳೆಯಲು ಬಿಡಬೇಕೇ ಎಂಬುದು ಜಾನಪದ ಅಧ್ಯಯನದ ಮುಖ್ಯ ಪ್ರಶ್ನೆಗಳಲ್ಲೊಂದು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಕಪ್ಪು ಜನರ ನಡುವೆ ರೂಪುಗೊಂಡ ಜಾಸ್ ಸಂಗೀತವು ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು ಎದುರಿಸಿತು. ಟ್ರಂಪೆಟ್ ವಾದಕರೂ ಬಾನುಲಿ ನಿರೂಪಕರೂ ಆಗಿದ್ದ ಹಂಫ್ರಿ ಲಿಟಲ್ಟನ್ (1921-2008) ಅವರ ಬದುಕಿನಲ್ಲಿ ಇದಕ್ಕೊಂದು ಉತ್ತರವಿದೆ.

ಲಿಟಲ್ಟನ್ ಹುಟ್ಟಿದ್ದು ತಂದೆ ಅಧ್ಯಾಪಕರಾಗಿದ್ದ ಈಟನ್ ಶಾಲೆಯ ಆವರಣದಲ್ಲಿ. ಲೂಯಿ ಆರ್ಮ್‌ಸ್ಟ್ರಾಂಗ್ ಅವರ ವಾದನಕ್ಕೆ ಮನಸೋತು ಟ್ರಂಪೆಟ್ಟನ್ನು ತಾವಾಗಿಯೇ ಕಲಿತರು. ಗುರುವಿನ ಸ್ಥಾನದಲ್ಲಿದ್ದುದು ಗ್ರಾಮಫೋನ್ ತಟ್ಟೆ. ಎರಡನೆಯ ಮಹಾಯುದ್ಧದಲ್ಲಿ ಸೇನಾಧಿಕಾರಿಯಾಗಿದ್ದ ಅವರು, 1945ರ ಮೇ 8ರ ವಿಜಯೋತ್ಸವದಂದು ಲಂಡನ್ನಿನ ಬೀದಿಯಲ್ಲಿ ಕೈಗಾಡಿಯೇರಿ ನುಡಿಸಿದ ದನಿ ಬಿಬಿಸಿಯ ಪ್ರಸಾರದಲ್ಲಿ ದಾಖಲಾಯಿತು.

1948ರಲ್ಲಿ ಲಿಟಲ್ಟನ್ ಸ್ವಂತ ವಾದ್ಯತಂಡವನ್ನು ಕಟ್ಟಿದರು. ನ್ಯೂ ಆರ್ಲಿಯನ್ಸ್‌ನ ಹಳೆಯ ಶೈಲಿಯನ್ನು ಪುನರುಜ್ಜೀವಿಸುವ ಚಳವಳಿ ಆಗ ಬ್ರಿಟನ್ನಿನಲ್ಲಿ ಬಲವಾಗಿದ್ದು, ಅವರು ಅದರ ನಾಯಕರಲ್ಲೊಬ್ಬರಾದರು. ಆದರೆ ಈ ಚಳವಳಿಯಲ್ಲಿ ಒಂದು ವೈರುಧ್ಯವಿತ್ತು. ಜಾಸ್‌ನಲ್ಲಿ ಮೂಲರಾಗ ಒಂದೇ ಆದರೂ ವಾದಕರು ಅದನ್ನು ಪ್ರತಿ ಸಲವೂ ಹೊಸದಾಗಿ ವಿಸ್ತರಿಸುತ್ತಾರೆ. ಧ್ವನಿಮುದ್ರಿಕೆಯಲ್ಲಿ ಉಳಿಯುವುದು ಹಲವು ಪಾಠಾಂತರಗಳ ಪೈಕಿ ಒಂದು ಮಾತ್ರ. ಕಟ್ಟಾ ಅನುಯಾಯಿಗಳು ಆ ಒಂದನ್ನೇ ಶುದ್ಧಪಾಠವೆಂದು ನಂಬಿದರು.

1953ರಲ್ಲಿ ಈ ವೈರುಧ್ಯ ಬಯಲಾಯಿತು. ಲಿಟಲ್ಟನ್ ತಮ್ಮ ತಂಡಕ್ಕೆ ಸ್ಯಾಕ್ಸೋಫೋನ್ ವಾದಕ ಬ್ರೂಸ್ ಟರ್ನರ್ ಅವರನ್ನು ಸೇರಿಸಿಕೊಂಡರು. ಆ ವಾದ್ಯ ಆಧುನಿಕ ಜಾಸ್‌ನ ಕುರುಹೆಂದು ಭಾವಿಸಿದ ಅಭಿಮಾನಿಗಳು ಬರ್ಮಿಂಗ್‌ಹ್ಯಾಂ ಪುರಭವನದ ಕಛೇರಿಯಲ್ಲಿ ಟರ್ನರ್ ಅವರನ್ನು ಹೀಯಾಳಿಸಿ, ಮನೆಗೆ ಹೋಗೆಂದು ಸಾರುವ ಫಲಕವನ್ನೇ ಎತ್ತಿ ಹಿಡಿದರು. ತಮ್ಮನ್ನು ಬೆಳೆಸಿದ ಕೇಳುಗರೇ ಮುನಿದರೂ ಲಿಟಲ್ಟನ್ ಹಿಂದೆ ಸರಿಯಲಿಲ್ಲ. 1956ರಲ್ಲಿ ಅವರ ‘ಬ್ಯಾಡ್ ಪೆನ್ನಿ ಬ್ಲೂಸ್’ ಬ್ರಿಟನ್ನಿನ ಜನಪ್ರಿಯ ಧ್ವನಿಮುದ್ರಿಕೆಗಳ ಮೊದಲ 20ರೊಳಗೆ ಸ್ಥಾನ ಪಡೆಯಿತು.

1967ರಿಂದ 2008ರವರೆಗೆ ಬಿಬಿಸಿ ಬಾನುಲಿಯಲ್ಲಿ ಅವರು ನಿರೂಪಿಸಿದ ‘ದಿ ಬೆಸ್ಟ್ ಆಫ್ ಜಾಸ್’ ಇದೇ ನಿಲುವಿನ ಮುಂದುವರಿಕೆ. ಹಳೆಯ ಮತ್ತು ಹೊಸ ಶೈಲಿಗಳೆರಡಕ್ಕೂ ಅಲ್ಲಿ ಎಡೆಯಿತ್ತು. ತಾವು ಧ್ವನಿಮುದ್ರಿಕೆಯಿಂದ ಪಡೆದುದನ್ನು ಅವರು ನಾಲ್ಕು ದಶಕಗಳ ಕಾಲ ಕಾಣದ ಕೇಳುಗರಿಗೆ ದಾಟಿಸಿದರು. 1972ರಿಂದ ಹಾಸ್ಯ ಕಾರ್ಯಕ್ರಮವೊಂದರ ಅಧ್ಯಕ್ಷರಾಗಿಯೂ ಮನೆಮಾತಾದರು.

80ರ ಹೊಸ್ತಿಲಿನಲ್ಲಿದ್ದಾಗ ಅವರು ರೇಡಿಯೋಹೆಡ್ ಎಂಬ ರಾಕ್ ತಂಡದೊಂದಿಗೆ ನುಡಿಸಿದರು. ಆ ಗೀತೆ 2001ರಲ್ಲಿ ಪ್ರಕಟವಾಯಿತು. 2008ರ ಏಪ್ರಿಲ್ 25ರಂದು ಅವರು ನಿಧನರಾದರು. ಪರಂಪರೆಯನ್ನು ಕಾಯುವವನು ಅದನ್ನು ಯಥಾವತ್ತಾಗಿ ಒಪ್ಪಿಸುವವನಲ್ಲ, ತನ್ನ ಕಾಲದ ಪಾಠವನ್ನು ಅದಕ್ಕೆ ಕೂಡಿಸುವವನು ಎಂಬುದನ್ನು ಲಿಟಲ್ಟನ್ ಅವರ ಬದುಕು ಮನಗಾಣಿಸುತ್ತದೆ.