ಹಿಗ್ಗುವ ರಬ್ಬರಿನ ಅಳತೆಪಟ್ಟಿಯೂ ಕಬ್ಬಿನ ಬಾಯಾರಿಕೆಯೂ

ಯಮಕನಮರಡಿಯ ಸುತ್ತಣ ಗ್ರಾಮಗಳಲ್ಲಿ ಬಾವಿ, ಕೊಳವೆಬಾವಿಗಳ ನೀರಿನಿಂದಲೂ, ಕೆಳಗಡೆ ಗೋಕಾಕ ಮೂಡಲಗಿಗಳ ಬಯಲಿನಲ್ಲಿ ಹಿಡಕಲ್ ಜಲಾಶಯದ ಕಾಲುವೆಗಳಿಂದಲೂ ಕಬ್ಬು ಬೆಳೆಯುತ್ತದೆ. ಎರಡು ಕಡೆಗಳಲ್ಲಿಯೂ ರೈತನು ನೀರು ಹಾಯಿಸುವುದು ಬಹುಮಟ್ಟಿಗೆ ಪಾಳಿಯನ್ನಾಗಲಿ ವಿದ್ಯುತ್ತು ಬರುವ ವೇಳೆಯನ್ನಾಗಲಿ ನೋಡಿಯೇ ಹೊರತು ಪೈರನ್ನು ನೋಡಿ ಅಲ್ಲ. ಘಟಪ್ರಭಾ ಅಚ್ಚುಕಟ್ಟಿನ ಎರೆಭೂಮಿಗಳು ಅನೇಕ ಕಡೆ ಸವುಳು-ಜವುಳಾಗಿ ಕೆಟ್ಟಿರುವುದಕ್ಕೆ ಅತಿಯಾದ ನೀರೇ ಒಂದು ಮುಖ್ಯ ಕಾರಣವು. ಪೈರಿಗೆ ನೀರು ಯಾವಾಗ ಬೇಕೆಂಬುದನ್ನು ಪೈರಿನ ಮೈಯಿಂದಲೇ ತಿಳಿಯುವ ಒಂದು ಹೊಸ ಸಾಧನವು ಈಚೆಗೆ ಪ್ರಯೋಗಶಾಲೆಗಳಲ್ಲಿ ಸಿದ್ಧವಾಗುತ್ತಿರುವುದರಿಂದ, ಅದರ ತತ್ತ್ವವನ್ನು ಜಮೀನುದಾರರು ತಿಳಿದಿರುವುದು ಯುಕ್ತವಾಗಿದೆ.

ಗಿಡದ ಕಾಂಡವು ಹಗಲಿನಲ್ಲಿ ಎಲೆಗಳ ಮೂಲಕ ನೀರನ್ನು ಕಳೆದುಕೊಂಡು ಕೂದಲೆಳೆಯಷ್ಟು ಕುಗ್ಗುತ್ತದೆ. ರಾತ್ರಿ ಬೇರುಗಳು ನೀರನ್ನು ತುಂಬಿಕೊಡಲು ಮತ್ತೆ ಉಬ್ಬುತ್ತದೆ. ಮಣ್ಣಿನಲ್ಲಿ ತೇವವು ಸಾಲದಿದ್ದರೆ ಈ ಉಬ್ಬುವಿಕೆಯು ಪೂರ್ತಿಯಾಗುವುದಿಲ್ಲ. ಎಲೆ ಬಾಡುವುದು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಈ ವ್ಯತ್ಯಾಸವು ತೋರುವುದು. ಇಷ್ಟು ಸೂಕ್ಷ್ಮವಾದುದನ್ನು ಅಳೆಯಲು ಗಿಡದೊಡನೆ ತಾನೂ ಹಿಗ್ಗಿ ಕುಗ್ಗುವ ಪಟ್ಟಿಯೊಂದು ಬೇಕು.

ರಬ್ಬರಾದರೋ ಹಿಗ್ಗುತ್ತದೆ, ಆದರೆ ಅದರಲ್ಲಿ ವಿದ್ಯುತ್ತು ಹರಿಯದು. ಅದರೊಳಗೆ ಇಂಗಾಲದ ಮಸಿಯನ್ನು ಬೆರೆಸಿದರೆ ಹರಿಯತೊಡಗುತ್ತದೆ. ಇದು ಹಳ್ಳ ದಾಟುವುದಕ್ಕೆ ಕಲ್ಲುಗಳನ್ನು ಹಾಕಿದಂತೆ. ಅಲ್ಲೊಂದು ಇಲ್ಲೊಂದು ಕಲ್ಲು ಬಿದ್ದರೆ ಯಾರೂ ದಾಟಲಾರರು. ಸಂಖ್ಯೆಯು ಒಂದು ಮಿತಿಯನ್ನು ಮೀರಿದೊಡನೆ ದಡದಿಂದ ದಡಕ್ಕೆ ದಾರಿಯಾಗುತ್ತದೆ. ರಬ್ಬರನ್ನು ಎಳೆದಾಗ ಕಲ್ಲುಗಳು ದೂರ ಸರಿದಂತಾಗಿ ವಿದ್ಯುತ್ತಿಗೆ ತಡೆ ಹೆಚ್ಚುವುದು; ಬಿಟ್ಟಾಗ ತಗ್ಗುವುದು. ಆ ತಡೆಯನ್ನು ಅಳೆದರೆ ಪಟ್ಟಿಯು ಎಷ್ಟು ಹಿಗ್ಗಿತೆಂಬುದು ತಿಳಿಯುತ್ತದೆ. ಒಂದು ತೊಡಕೇನೆಂದರೆ, ಮಸಿಯನ್ನು ಹೇರಳವಾಗಿ ಬೆರೆಸಿದರೆ ರಬ್ಬರು ಬಿರುಸಾಗಿ ಎಳೆಗಾಂಡಕ್ಕೆ ಒತ್ತು ಕೊಡುತ್ತದೆ. ಆದುದರಿಂದ ಕಲ್ಲುಗಳಿಗೆ ಬದಲಾಗಿ ಉದ್ದನ್ನ ತೊಲೆಗಳನ್ನು ಹಾಕುವ ಉಪಾಯವನ್ನು ಹುಡುಕಿದರು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಎಂಬವರು ವರ್ಣಿಸಿದ ಇಂಗಾಲದ ನಳಿಗೆಗಳೇ ಈ ತೊಲೆಗಳು. ಇವುಗಳ ದಪ್ಪವನ್ನು ನ್ಯಾನೋಮೀಟರುಗಳಲ್ಲಿ ಎಣಿಸುತ್ತಾರೆ. ಒಂದು ಮಿಲಿಮೀಟರಿನ 10 ಲಕ್ಷದಲ್ಲೊಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ತೊಲೆಗಳು ಉದ್ದವಾದುದರಿಂದ ಕೆಲವೇ ಸಾಕು, ರಬ್ಬರಿನ ಮೃದುತ್ವವೂ ಉಳಿಯುವುದು. ಇಂತಹ ಮಿಶ್ರಣಕ್ಕೇ ವಿದ್ಯುದ್ವಾಹಕ ಪಾಲಿಮರ್ ನ್ಯಾನೋಸಂಯುಕ್ತವೆಂದು ಶಾಸ್ತ್ರಜ್ಞರು ಕರೆಯುತ್ತಾರೆ. ಹೆಸರು ಭಾರವಾದರೂ ವಸ್ತುವು ಇಷ್ಟೇ.

2019ರಲ್ಲಿ ಚೀನಾದೇಶದ ಸಂಶೋಧಕರು ಇಂಗಾಲದ ನಳಿಗೆ ಮತ್ತು ಗ್ರಾಫೈಟನ್ನು ಸೇರಿಸಿ ಮಾಡಿದ ಪಟ್ಟಿಯಿಂದ ಬದನೆ ಹಾಗೂ ಕುಂಬಳದ ಜಾತಿಯ ಕಾಯಿಗಳ ಬೆಳವಣಿಗೆಯನ್ನು ಅಳೆದರು. ನಮ್ಮ ನಾಡಿನಲ್ಲಿಯೂ ಇಂಗಾಲದ ನ್ಯಾನೋವಸ್ತುಗಳ ವ್ಯಾಸಂಗವು ಹೊಸದಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾ. ಸಿ. ಎನ್. ಆರ್. ರಾಯರು ಇದರಲ್ಲಿ ಬಹುಕಾಲ ದುಡಿದವರು.

ಹಾಗೆಂದು ಯಾರಾದರೂ ಇಂತಹ ಪಟ್ಟಿಯನ್ನು ಮಾರಲು ಬಂದರೆ ಕೂಡಲೇ ಹಣ ಬಿಚ್ಚತಕ್ಕದ್ದಲ್ಲ. ಬಿಸಿಲಿಗೆ ರಬ್ಬರು ಹಳತಾಗುತ್ತದೆ. ಪದೇ ಪದೇ ಎಳೆದ ಪಟ್ಟಿಯು ಮೊದಲಿನ ಅಳತೆಗೆ ಸರಿಯಾಗಿ ಹಿಂದಿರುಗದೆ ಇರಬಹುದು. ಸೆಕೆ ಮತ್ತು ತೇವಗಳಿಂದಲೂ ತಡೆಯು ಬದಲಾಗುವುದರಿಂದ, ಬಿಸಿಲೇರಿದ್ದನ್ನು ಕಾಂಡ ಹಿಗ್ಗಿತೆಂದು ತಪ್ಪಾಗಿ ಹೇಳುವ ಸಂಭವವುಂಟು. ಒಂದು ಮುಂಗಾರು, ಒಂದು ಬೇಸಗೆ ಹೊಲದಲ್ಲಿ ಕಟ್ಟಿಟ್ಟು ಪರೀಕ್ಷಿಸಿದ ಲೆಕ್ಕವಿದೆಯೇ, ಸೆಕೆಯ ತಪ್ಪನ್ನು ಕಳೆಯುವ ಏರ್ಪಾಡಿದೆಯೇ ಎಂದು ಮಾರುವವರನ್ನು ಕೇಳತಕ್ಕದ್ದು.

ಅಷ್ಟರಲ್ಲಿ ಇದೇ ತತ್ತ್ವವನ್ನು ಕಾಸಿನ ಖರ್ಚಿಲ್ಲದೆ ಬಳಸಬಹುದು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಕಬ್ಬುಗಾರರು ಕಬ್ಬಿನ ಬೆಳವಣಿಗೆಯನ್ನೇ ಅಳೆದು ನೀರಿನ ದಿನವನ್ನು ಗೊತ್ತುಮಾಡುವ ಪದ್ಧತಿಯನ್ನು ಅನುಸರಿಸಿದ್ದಾರೆ. ಹೊಲದ ನಡುವೆ ಹತ್ತು ಹನ್ನೆರಡು ಒಳ್ಳೆಯ ಕಬ್ಬುಗಳನ್ನು ಆರಿಸಿ, ಪ್ರತಿಯೊಂದರ ಬುಡದಲ್ಲಿ ಗೂಟ ನೆಡಬೇಕು. ಗೂಟದ ತಲೆಯಿಂದ, ಪೂರ್ತಿ ಬಿಚ್ಚಿಕೊಂಡ ಮೇಲ್ಗಡೆಯ ಗರಿಯು ಸುಳಿಯಿಂದ ಅಗಲುವ ಕೊರಳಿನವರೆಗೆ, ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ಅಳೆದು ಬರೆದಿಡಬೇಕು. ನೀರು ಕೊಟ್ಟ ಮೇಲೆ ದಿನದ ಬೆಳವಣಿಗೆಯು ಏರಿ ಒಂದು ಗರಿಷ್ಠಕ್ಕೆ ಮುಟ್ಟುವುದು. ಅದು ಅರ್ಧಕ್ಕೆ ಇಳಿದಾಗ ಮುಂದಿನ ನೀರನ್ನು ಹಾಯಿಸಬೇಕು. ಕಬ್ಬು ಭರದಿಂದ ಬೆಳೆಯುವ ತಿಂಗಳುಗಳಿಗೆ ಮಾತ್ರ ಈ ಲೆಕ್ಕವು ಹೊಂದುವುದು. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿಯೂ, ಮೋಡ ಕವಿದ ದಿನಗಳಲ್ಲಿಯೂ ನೀರಿದ್ದರೂ ಬೆಳವಣಿಗೆ ತಗ್ಗುತ್ತದೆ.

ಪಾಳಿಯ ದಿನವು ಬಂದರೂ ಅಳತೆಯು ಇನ್ನೂ ಇಳಿಯದೆ ಇದ್ದರೆ ಆ ನೀರನ್ನು ಬೇರೆ ಹೊಲಕ್ಕೆ ತಿರುಗಿಸಬಹುದು. ಇದನ್ನು ಊರಿನ ಹಿರಿಯರು ಮೊದಲು ಒಂದೆರಡು ಹೊಲಗಳಲ್ಲಿ ಮಾಡಿಸಿ ನೋಡುವುದು ಲೇಸು. ಬರೆದಿಟ್ಟ ಅಳತೆಗಳನ್ನು ಸಂಕೇಶ್ವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಒಯ್ದು ತೋರಿಸಿ ಸಲಹೆ ಕೇಳಬಹುದು.