ಅಮೃತಶಿಲೆಯ ಕೆಳಗಿನ ಹೆಸರು

ಕೊಮೋದ್ ಎಂಬುದು 18ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಹದಕ್ಕೆ ಬಂದ ಖಾನೆಪೆಟ್ಟಿಗೆ. ಸೊಂಟದೆತ್ತರದ ಮೈ, ಎಳೆದು ತೆಗೆಯುವ ಎರಡು ಮೂರು ಸಾಲು ಖಾನೆ, ಹೊರಮೈ ತುಂಬ ಬಗೆಬಗೆಯ ಮರದ ಚಿತ್ತಾರ, ಮೂಲೆ ಅಂಚುಗಳಲ್ಲಿ ಚಿನ್ನ ಲೇಪಿಸಿದ ಕಂಚು, ನೆತ್ತಿಯ ಮೇಲೆ ಅಮೃತಶಿಲೆಯ ಹಾಸು. ನಮ್ಮಲ್ಲಿ ಈ ಹೆಸರು ಶೌಚಾಲಯದ ಪಾಲಾಗಿರುವುದು ಬೇರೆಯದೇ ಕಥೆ.

ಅದಕ್ಕೂ ಮೊದಲು ಸಿರಿವಂತರ ಮನೆಯಲ್ಲೂ ಬಟ್ಟೆಬರೆಗೆ ಮುಚ್ಚಳದ ಪೆಟ್ಟಿಗೆಯೇ ಗತಿ. ತಳದಲ್ಲಿದ್ದದ್ದು ಬೇಕಾದರೆ ಮೇಲಿನದನ್ನೆಲ್ಲ ಹೊರಗೆ ಹರವಬೇಕು. ಖಾನೆ ಈ ತಾಪತ್ರಯವನ್ನು ತಪ್ಪಿಸಿತು. 1708ರ ಸುಮಾರಿಗೆ ಅರಸ 14ನೆಯ ಲೂಯಿಯ ಟ್ರಿಯಾನೋನ್ ಅರಮನೆಗೆ ಮರಗೆಲಸಗಾರ ಆಂದ್ರೆ ಶಾರ್ಲ್ ಬೂಲ್ ಮಾಡಿಕೊಟ್ಟ ಜೋಡಿ ಈ ಬಗೆಯ ಮೊದಲ ಹೆಸರಾಂತ ಮಾದರಿಗಳಲ್ಲಿ ಒಂದು. ಆಮೆಚಿಪ್ಪು ಮತ್ತು ಹಿತ್ತಾಳೆಯ ಹಾಳೆಗಳನ್ನು ಒಟ್ಟಿಗೆ ಕೊರೆದು ಒಂದರೊಳಗೊಂದು ಕೂರಿಸುವುದು ಬೂಲ್‌ನ ಕೈಚಳಕ. ಕಂಚು ಮತ್ತು ಕಲ್ಲಿನ ಭಾರ ಎಷ್ಟಾಯಿತೆಂದರೆ ಸಾಮಾನ್ಯ ನಾಲ್ಕು ಕಾಲು ಸಾಲದೆ ಇನ್ನೂ ನಾಲ್ಕು ಸುರುಳಿ ಕಾಲುಗಳನ್ನು ಸೇರಿಸಬೇಕಾಯಿತು. ಅಂದವಾದ ಪರಿಹಾರವೇನಲ್ಲ. ಪೆಟ್ಟಿಗೆ ಯಾವುದರ ಮೇಲೆ ನಿಲ್ಲಬೇಕು ಎಂಬುದೇ ಆಗಿನ್ನೂ ಇತ್ಯರ್ಥವಾಗಿರಲಿಲ್ಲ.

ಒಳಗಿನ ಗೂಡು ಸಾಮಾನ್ಯವಾಗಿ ಓಕ್ ಮರದ್ದು. ಕಣ್ಣಿಗೆ ಬೀಳುವುದೆಲ್ಲ ಅದರ ಮೇಲೆ ಅಂಟಿಸಿದ, ಒಂದೆರಡು ಮಿಲಿಮೀಟರ್ ದಪ್ಪದ ಮರದ ಹಾಳೆ. ಬ್ರೆಜಿಲ್‌ನಿಂದ ಗುಲಾಬಿ ಗೆರೆಯ ಟುಲಿಪ್‌ವುಡ್ ಮತ್ತು ನೇರಳೆ ಛಾಯೆಯ ಕಿಂಗ್‌ವುಡ್, ಗಯಾನಾ ಕಡೆಯಿಂದ ಅಮರಾಂತ್ ಹಡಗಿನಲ್ಲಿ ಬರುತ್ತಿದ್ದವು. ಹೂಬಳ್ಳಿಯ ಚಿತ್ತಾರಕ್ಕೆ ಹಲವು ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಕೂದಲೆಳೆಯಂಥ ಗರಗಸದಿಂದ ಒಟ್ಟಿಗೇ ಕೊರೆಯುತ್ತಿದ್ದರು. ದಳಕ್ಕೆ ನೆರಳು ಬೇಕಾದರೆ ಅದರ ಅಂಚನ್ನು ಕಾದ ಮರಳಿನಲ್ಲಿ ಅದ್ದಿ ತುಸುವೇ ಕಂದಿಸುತ್ತಿದ್ದರು. ಎಲೆಗೆ ಹಸಿರು, ಹೂವಿಗೆ ನೀಲಿ ಎಂದು ಬಣ್ಣ ಹಾಕಿದ ತುಂಡುಗಳೂ ಇದ್ದವು. ಇನ್ನೂರೈವತ್ತು ವರ್ಷದ ಬೆಳಕಿಗೆ ಆ ಬಣ್ಣಗಳು ಮಾಸಿಹೋಗಿ, ಸಂಗ್ರಹಾಲಯಗಳಲ್ಲಿ ಇಂದು ಕಾಣುವುದು ಹೆಚ್ಚಾಗಿ ಕಂದು ಮತ್ತು ಜೇನುಬಣ್ಣ. ಜನ ಮೆಚ್ಚುವ ಆ ಗಂಭೀರ ಛಾಯೆ ಮಾಡಿದವನ ಉದ್ದೇಶವಾಗಿರಲಿಲ್ಲ. ಅವನ ಕೊಮೋದ್ ಕಣ್ಣು ಕುಕ್ಕುವಷ್ಟು ಬಣ್ಣಬಣ್ಣವಾಗಿತ್ತು.

ಮೈಸೂರಿನ ಬೀಟೆ ಮರದ ಕುಸುರಿಯನ್ನು ಬಲ್ಲವರಿಗೆ ವ್ಯತ್ಯಾಸ ಬೇಗ ಹೊಳೆಯುತ್ತದೆ. ಅಲ್ಲಿ ಗಟ್ಟಿ ಮರದಲ್ಲಿ ತಗ್ಗು ತೋಡಿ, ಅದರೊಳಗೆ ಬೇರೆ ಬಣ್ಣದ ಮರವನ್ನೋ ಹಿಂದೆ ಬಳಸುತ್ತಿದ್ದ ಆನೆದಂತವನ್ನೋ ಕೂರಿಸುತ್ತಾರೆ. ಪ್ಯಾರಿಸ್ಸಿನಲ್ಲಿ ಚಿತ್ರ ಮತ್ತು ಹಿನ್ನೆಲೆ ಎರಡೂ ತೆಳು ಹಾಳೆಯೇ. ಇಡೀ ಹೊರಮೈ ಒಂದು ತೊಡುಗೆ.

ತೆಳು ಹಾಳೆಯ ಅಂಚು ಏಳುವುದು, ಮೂಲೆ ಮುರಿಯುವುದು ಸಹಜ. ಕಂಚು ಬಂದದ್ದು ಇದನ್ನು ಕಾಯಲಿಕ್ಕೆ: ಪಾದಕ್ಕೆ ಕವಚ, ಮೂಲೆಗೆ ಪಟ್ಟಿ, ಬೀಗದ ಕಿಂಡಿಗೆ ಸುತ್ತು, ಎಳೆಯಲು ಹಿಡಿ. ಬರಬರುತ್ತಾ ಕಾವಲುಗಾರನೇ ಯಜಮಾನನಾದ. 1739ರಲ್ಲಿ 15ನೆಯ ಲೂಯಿಯ ವರ್ಸೇ ಅರಮನೆಯ ಶಯನಗೃಹಕ್ಕೆ ಮರಗೆಲಸಗಾರ ಗೋದ್ರೋ ಒದಗಿಸಿದ ಕೊಮೋದ್ ಈಗ ಲಂಡನ್ನಿನ ವಾಲೇಸ್ ಸಂಗ್ರಹದಲ್ಲಿದೆ. ಅದರ ಮುಂಭಾಗದ ಉದ್ದಗಲಕ್ಕೂ ಕಂಚಿನ ಎಲೆಬಳ್ಳಿ ಹರಿದಾಡಿದೆ, ಮರ ಬರೀ ಹಿನ್ನೆಲೆ. ಆ ಕಂಚನ್ನು ಮಾಡಿದ ಜಾಕ್ ಕಾಫಿಯೇರಿ ಅದರ ಮೇಲೆ ತನ್ನ ಹೆಸರನ್ನೂ ಕೆತ್ತಿದ.

ಹಾಗೆ ಹೆಸರು ಬಿಟ್ಟವರು ವಿರಳ. ಎರಕ ಹೊಯ್ಯುವವನು, ಉಳಿಯಿಂದ ತಿದ್ದುವವನು, ಚಿನ್ನ ಹಿಡಿಸುವವನು ಒಬ್ಬನೇ ಅಲ್ಲ. ಕೊನೆಯವನ ಪಾಡು ಕಠಿಣ. ಚಿನ್ನವನ್ನು ಪಾದರಸದಲ್ಲಿ ಕರಗಿಸಿ ಬೆಣ್ಣೆಯಂತಾದ ಮಿಶ್ರಣವನ್ನು ಕಂಚಿಗೆ ಸವರಿ ಕೆಂಡದ ಮೇಲೆ ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಆಮೇಲೆ ಕೆಲವು ಭಾಗಗಳನ್ನು ನುಣುಪು ಕಲ್ಲಿನಿಂದ ಉಜ್ಜಿ ಮಿರುಗಿಸಿ, ಉಳಿದವನ್ನು ಮಾಸಲಾಗಿಯೇ ಬಿಡುತ್ತಿದ್ದರು. ಆ ಆವಿಯನ್ನು ದಿನವೂ ಉಸಿರಾಡಿದವರ ಕೈ ನಡುಗುತ್ತಿತ್ತು, ಹಲ್ಲು ಉದುರುತ್ತಿತ್ತು.

ಈ ಕೆಲಸಗಳ ನಡುವಿನ ಗೋಡೆಯನ್ನು ಕಟ್ಟಿದ್ದು ಕಸುಬುದಾರರ ಸಂಘಗಳು. ಮರದವನು ಕಂಚು ಎರಕ ಹೊಯ್ಯುವಂತಿಲ್ಲ, ಎರಕದವನು ಚಿನ್ನ ಲೇಪಿಸುವಂತಿಲ್ಲ. ಅರಸನ ಆಶ್ರಯದಲ್ಲಿ ಲೂವ್ರ್ ಅರಮನೆಯಲ್ಲಿದ್ದ ಬೂಲ್‌ಗೆ ಈ ಕಟ್ಟಳೆ ಅನ್ವಯಿಸುತ್ತಿರಲಿಲ್ಲ. ಶಿಲ್ಪಿಯಾಗಿಯೂ ಪಳಗಿದ್ದ ಶಾರ್ಲ್ ಕ್ರೆಸಾಂ ತನ್ನ ಕಾರ್ಖಾನೆಯಲ್ಲೇ ಕಂಚಿನ ಕೆಲಸ ಮಾಡಿಸಿ ಪದೇ ಪದೇ ವ್ಯಾಜ್ಯಕ್ಕೆ ಸಿಕ್ಕಿಕೊಂಡ. ಎಲ್ಲರನ್ನೂ ಒಂದುಗೂಡಿಸುತ್ತಿದ್ದವರು ಸಿರಿವಂತ ವ್ಯಾಪಾರಿಗಳು. ಜಪಾನಿನ ಅರಗು ಲೇಪದ ಹಲಗೆಗಳನ್ನು ಕೊಯ್ದು, ಉಬ್ಬುತಗ್ಗಿನ ಮೈಗೆ ಬಾಗಿಸಿ ಅಂಟಿಸುವ ಸಾಹಸ ಅವರ ತಲೆಯದು. 1737ರಲ್ಲಿ ರಾಣಿ ಮರಿ ಲೆಶ್ಚಿನ್‌ಸ್ಕಾಗೆ ಎಬೇರ್ ಎಂಬ ವ್ಯಾಪಾರಿ ಒದಗಿಸಿದ ಅಂಥದೊಂದು ಕೊಮೋದ್ ಈಗ ಲೂವ್ರ್ ಸಂಗ್ರಹಾಲಯದಲ್ಲಿದೆ. ಕೆಲಸ ಮಾಡಿದವನು ಎರಡನೆಯ ಬರ್ನಾರ್ ವಾನ್ ರಿಸೆನ್‌ಬರ್ಗ್.

ಕಲ್ಲಿನ ಬಗ್ಗೆ ಹೇಳುವುದು ಕಡಿಮೆ. ಪಿರೆನೀಸ್ ಬೆಟ್ಟಗಳ ಕೆಂಪು ಹಸಿರು ಕಲ್ಲು, ಇಟಲಿಯ ಕರಾರಾದ ಬಿಳಿ ಹೆಚ್ಚು ಬಳಕೆಯವು. ಮುಂದಿನ ಮತ್ತು ಪಕ್ಕದ ಅಂಚುಗಳಿಗೆ ಮಾತ್ರ ನಯ, ಗೋಡೆಯ ಕಡೆಗೆ ಒರಟು. ಹಾಸನ್ನು ಅದರ ಭಾರವೇ ಹಿಡಿದಿಡುತ್ತಿತ್ತು.

ಆಕಾರ ಕಾಲಕ್ಕೆ ತಕ್ಕಂತೆ ಹೊರಳಿತು. 15ನೆಯ ಲೂಯಿಯ ಕಾಲದಲ್ಲಿ ಹೊಟ್ಟೆ ಉಬ್ಬಿತು, ಕಾಲು ಎತ್ತರವಾಯಿತು, ಖಾನೆಗಳ ನಡುವಿನ ಪಟ್ಟಿ ಕಾಣದಂತಾಗಿ ಚಿತ್ತಾರ ಎರಡು ಖಾನೆಗಳ ಮೇಲೂ ತಡೆಯಿಲ್ಲದೆ ಹರಿಯಿತು. 1760ರ ಬಳಿಕ ಗ್ರೀಕ್ ರೋಮನ್ ಮೋಹ ಬೆಳೆದು ಗೆರೆಗಳು ನೆಟ್ಟಗಾದವು. ಆ ಹಂತದ ದೊಡ್ಡ ಹೆಸರು ಜರ್ಮನಿಯಲ್ಲಿ ಹುಟ್ಟಿದ ಜಾಂ ಆಂರಿ ರೀಸೆನೆ. 1774ರಿಂದ ಹತ್ತು ವರ್ಷದಲ್ಲಿ ಅರಮನೆಗೆ 700ಕ್ಕೂ ಹೆಚ್ಚು ಪೀಠೋಪಕರಣಗಳನ್ನು ಮಾಡಿಕೊಟ್ಟವನು. ಕ್ರಾಂತಿಯ ಸರ್ಕಾರ 1793–94ರಲ್ಲಿ ವರ್ಸೇಯ ಸರಂಜಾಮನ್ನು 17,000ಕ್ಕೂ ಮಿಕ್ಕ ಬಾಬುಗಳಾಗಿ ಹರಾಜಿಗಿಟ್ಟಾಗ, ತಾನೇ ಮಾಡಿದ್ದ ಕೆಲವನ್ನು ಅವನೇ ಕೊಂಡ. ಹೊಸ ಗಿರಾಕಿಗಳು ಸಿಗಲಿಲ್ಲ.

ಗಿರಾಕಿಗಳು ಮರಳಿದ್ದು 19ನೆಯ ಶತಮಾನದಲ್ಲಿ. ಆಗ ಫ್ರಾಂಸ್ವಾ ಲಿಂಕೆಯಂಥವರು ಹಳೆಯ ಶೈಲಿಯನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ ಅವರ ಕೊಮೋದ್‌ಗಳಿಗೂ ಈಗ ದೊಡ್ಡ ಬೆಲೆ. ಹಳೆಯದನ್ನು ಹೊಸದರಿಂದ ಬೇರ್ಪಡಿಸುವವರು ಮೊದಲು ಅಮೃತಶಿಲೆಯನ್ನು ಎತ್ತಿಸುತ್ತಾರೆ. 1743ರಲ್ಲಿ ರೂಪುಗೊಂಡು 1751ರಲ್ಲಿ ಜಾರಿಗೆ ಬಂದ ನಿಯಮದ ಪ್ರಕಾರ ಮರಗೆಲಸದವನು ತನ್ನ ಹೆಸರಿನ ಕಬ್ಬಿಣದ ಮುದ್ರೆ ಒತ್ತಬೇಕಿತ್ತು. ಅದು ಹೆಚ್ಚಾಗಿ ಹಾಸಿನ ಕೆಳಗೆ, ಮೂಲೆಕಂಬದ ತಲೆಯ ಮೇಲೆ ಇರುತ್ತದೆ. ಪಕ್ಕದಲ್ಲಿ ಸಂಘದ ತಪಾಸಣೆಯ ಗುರುತು, ಮೂರು ಅಕ್ಷರ: ಜೆ, ಎಂ, ಇ. ಅರಸನ ಕಾರ್ಖಾನೆಯವರಿಗೆ ಈ ನಿಯಮದಿಂದ ವಿನಾಯಿತಿ ಇದ್ದುದರಿಂದ ಮುದ್ರೆಯಿಲ್ಲದ್ದೆಲ್ಲ ನಕಲಿಯಲ್ಲ. ಮುದ್ರೆಯನ್ನೇ ನಕಲು ಮಾಡುವವರೂ ಉಂಟು. ಆದ್ದರಿಂದ ಹಾಳೆಯ ದಪ್ಪ ನೋಡುತ್ತಾರೆ: ಕೈಗರಗಸದ್ದು ದಪ್ಪ, ಒಂದೇ ಸಮನಲ್ಲ, ಯಂತ್ರದ್ದು ತೆಳು, ಸಮ. ತಿರುಪು ಕಳಚಿ ಕಂಚಿನ ಬೆನ್ನು ನೋಡುತ್ತಾರೆ. 1840ರ ನಂತರ ವಿದ್ಯುತ್ತಿನಿಂದ ಹಿಡಿಸಿದ ಚಿನ್ನವಾದರೆ ಬೆನ್ನಿಗೂ ಸಮನಾಗಿ ಹತ್ತಿರಬಹುದು. ಪಾದರಸದ ಕೆಲಸದಲ್ಲಿ ಅಲ್ಲಿ ಸಾಮಾನ್ಯವಾಗಿ ಬರಿಯ ಲೋಹ, ಅದರ ಮೇಲೆ ಅಲ್ಲಲ್ಲಿ ಚೆಲ್ಲಿದ ಚಿನ್ನದ ಕಲೆ.