ಭೀಮ್‌ಬೆಟ್ಕಾದ ಬಂಡೆಯ ಮೇಲೆ ಯಾರ ಗುರುತು?

ಭೋಪಾಲದಿಂದ ದಕ್ಷಿಣಕ್ಕೆ ಸುಮಾರು 45 ಕಿಲೋಮೀಟರ್ ಹೋದರೆ, ತೇಗದ ಕಾಡಿನ ಮೇಲೆ ತಲೆ ಎತ್ತಿದ ವಿಂಧ್ಯದ ಗುಡ್ಡಸಾಲಿನಲ್ಲಿ ಭೀಮ್‌ಬೆಟ್ಕಾದ ಬಂಡೆಗಳು ಸಿಗುತ್ತವೆ. ನೋಡಲು ಬಂದವರು ಮೊದಲಿಗೇ ಹೊಕ್ಕು ಹೊರಬರುವುದು ‘ಆಡಿಟೋರಿಯಂ’ ಎಂಬ ಎತ್ತರದ ಗವಿಯನ್ನು. 2020ರಲ್ಲಿ ಅಮೆರಿಕದ ಭೂವಿಜ್ಞಾನಿ ಗ್ರೆಗರಿ ರೆಟಲಾಕ್ ಮತ್ತು ಸಂಗಡಿಗರು ಇಲ್ಲಿಗೆ ಬಂದಾಗ, ಕೈಗೆಟುಕದ ಎತ್ತರದಲ್ಲಿ ಎಲೆಯಂಥ ಒಂದು ಗುರುತು ಕಣ್ಣಿಗೆ ಬಿತ್ತು. ನಡುವೆ ಒಂದು ಗೆರೆ, ಅದರಿಂದ ಎರಡೂ ಬದಿಗೆ ಹೊರಟ ಸಾಲು ಸಾಲು ಏಣುಗಳು. ಅದು ಸುಮಾರು 55 ಕೋಟಿ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಬದುಕಿದ್ದ ಡಿಕಿನ್ಸೋನಿಯಾ ಎಂಬ ಜೀವಿಯ ಪಳೆಯುಳಿಕೆ ಎಂದು ‘ಗೊಂಡ್ವಾನಾ ರಿಸರ್ಚ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದರು. ಜಗತ್ತಿನಾದ್ಯಂತ ಸುದ್ದಿಯಾಯಿತು.

ಈ ಮರಳುಗಲ್ಲಿಗೆ ಅದಕ್ಕಿಂತ ಬಹಳ ಹೆಚ್ಚು ವಯಸ್ಸಾಗಿದೆ ಎಂದು ವಾದಿಸುತ್ತಿದ್ದ ಫ್ಲಾರಿಡಾದ ಜೋಸೆಫ್ ಮೀರ್ಟ್ ತಂಡಕ್ಕೆ ಸಮಾಧಾನವಾಗಲಿಲ್ಲ. ಅವರು ಹೋಗಿ ನೋಡುವಷ್ಟರಲ್ಲಿ ‘ಪಳೆಯುಳಿಕೆ’ ಬಂಡೆಯಿಂದ ಕಳಚಿ ಉದುರತೊಡಗಿತ್ತು. ಕೋಟಿಗಟ್ಟಲೆ ವರ್ಷ ಕಲ್ಲಿನೊಳಗೇ ಇದ್ದದ್ದು ಎರಡು ಮೂರು ವರ್ಷಗಳಲ್ಲಿ ಉದುರುವುದುಂಟೆ? ಪಕ್ಕದಲ್ಲೇ ಜೇನುಗೂಡುಗಳಿದ್ದವು. ಎದ್ದುಹೋದ ಗೂಡಿನ ಅಂಟು ಉಳಿಸಿದ ಕಲೆ ಅದು ಎಂದು 2023ರಲ್ಲಿ ಅವರು ಬರೆದರು. ರೆಟಲಾಕ್ ಕೂಡ ಮರುಮಾತಿಲ್ಲದೆ ಒಪ್ಪಿಕೊಂಡರು. ಮಲೆನಾಡಿನಲ್ಲಿ ಹೆಜ್ಜೇನು ಕೀಳುವ ಯಾರನ್ನಾದರೂ ಜೊತೆಗೆ ಕರೆದೊಯ್ದಿದ್ದರೆ ಆ ಹೊತ್ತಿಗೇ ಹೇಳಿಬಿಡುತ್ತಿದ್ದರೇನೋ!

ಹಾಗಾದರೆ ಅದೇ ಗುಡ್ಡದ ಬಂಡೆಗಳ ಮೇಲೆ ಹಿಂದಿನವರು ಬರೆದ ಚಿತ್ರಗಳಿಗೆ ಸಾವಿರಾರು ವರ್ಷ ವಯಸ್ಸು ಎಂದರೆ ನಂಬುವುದು ಹೇಗೆ? ಈ ಅನುಮಾನ ಬರಬೇಕಾದದ್ದೇ.

ಇಲ್ಲಿರುವವು ಬಹುಪಾಲು ನಿಜವಾದ ಗುಹೆಗಳಲ್ಲ. ಮುಂಚಾಚಿದ ಬಂಡೆಯ ಅಡಿಯಲ್ಲಿ ಮಳೆ ಬಿಸಿಲು ತಾಕದ ಜಾಗಗಳು. ನಮ್ಮ ಪುರಾತತ್ವಜ್ಞರು ಕಲ್ಲಾಸರೆ ಎನ್ನುವುದು ಇದನ್ನೇ. ಉಜ್ಜಯಿನಿಯ ವಿಷ್ಣು ಶ್ರೀಧರ ವಾಕಣಕರ್ 1957ರಲ್ಲಿ ರೈಲಿನ ಕಿಟಕಿಯಿಂದ ಈ ಬಂಡೆಗಳನ್ನು ಕಂಡು, ಯುರೋಪಿನ ಚಿತ್ರಗುಹೆಗಳ ನೆನಪಾಗಿ ಹುಡುಕಿಕೊಂಡು ಬಂದವರು. 2003ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಕೆಂಪು ಮತ್ತು ಬಿಳಿ. ಕೆಂಪು ಎಂದರೆ ಹೆಮಟೈಟ್, ಹಳ್ಳಿಯಲ್ಲಿ ನಾವು ಜಾಜು, ಕಾವಿಕಲ್ಲು ಎನ್ನುವ ಕಬ್ಬಿಣದ ಆಕ್ಸೈಡ್. ಗಂಗಾವತಿ ಬಳಿಯ ಹಿರೇಬೆಣಕಲ್ಲಿನ ಕಲ್ಲಾಸರೆಗಳಲ್ಲೂ ಇದೇ ಕೆಂಪಿದೆ. ಎಲೆ ಹೂಗಳ ಬಣ್ಣವನ್ನು ಬಿಸಿಲು, ಗಾಳಿ ಒಡೆದುಹಾಕುತ್ತವೆ. ಕಬ್ಬಿಣ ಇಲ್ಲಿ ಆಮ್ಲಜನಕದೊಂದಿಗೆ ಆಗಲೇ ಪೂರ್ತಿ ಕೂಡಿಕೊಂಡಿರುವುದರಿಂದ ಗಾಳಿ ಅದಕ್ಕೆ ಇನ್ನೇನೂ ಮಾಡಲಾರದು. ನುಣ್ಣಗೆ ಅರೆದ ಪುಡಿ ಕಲ್ಲಿನ ಸಣ್ಣ ರಂಧ್ರಗಳೊಳಗೆ ಇಳಿದು ಕೂತಿದೆ.

ಬಣ್ಣ ಉಳಿಸಿದ ಈ ಗುಣವೇ ಕಾಲ ಹೇಳಲು ತೊಡಕು. ಕಾರ್ಬನ್-14 ವಿಧಾನಕ್ಕೆ ಜೀವಿಯಿಂದ ಬಂದ ಇಂಗಾಲ ಬೇಕು, ಜಾಜಿನಲ್ಲಿ ಅದಿಲ್ಲ. ಹಾಗಾಗಿ ಬಳಸುದಾರಿ ಹಿಡಿಯಬೇಕು. ‘ಝೂ ರಾಕ್’ ಎಂಬ ಬಂಡೆಯ ಮುಂದೆ ನಿಂತರೆ ಅದು ಅರ್ಥವಾಗುತ್ತದೆ. ಆನೆ, ಕಡವೆ, ಕಾಡುಕೋಣ, ಜಿಂಕೆ ಒಂದರ ಮೇಲೊಂದು ಕಿಕ್ಕಿರಿದಿವೆ. ಅಲ್ಲೇ ಕುದುರೆ ಸವಾರರೂ ಬಂದಿದ್ದಾರೆ. ಯಾವ ಗೆರೆ ಯಾವುದನ್ನು ದಾಟಿ ಹೋಗಿದೆ ಎಂದು ನೋಡಿದರೆ ಹಿಂದುಮುಂದು ತಿಳಿಯುತ್ತದೆ. ಕತ್ತಿ ಗುರಾಣಿ ಹಿಡಿದ ಸವಾರ ಲೋಹದ ಕಾಲಕ್ಕಿಂತ ಹಳಬನಾಗಿರಲಾರ. ಬಣ್ಣ ನೋಡಿ ಮಾತ್ರ ವಯಸ್ಸು ಹೇಳಬಾರದು, ಕೆಂಪನ್ನೂ ಬಿಳಿಯನ್ನೂ ಬೇರೆ ಬೇರೆ ಕಾಲದವರು ಬಳಸಿದ್ದಾರೆ.

ನನಗೆ ಎಲ್ಲಕ್ಕಿಂತ ಗಟ್ಟಿ ಎನಿಸುವ ಸಾಕ್ಷ್ಯ ಗೋಡೆಯ ಮೇಲಲ್ಲ, ನೆಲದಲ್ಲಿದೆ. 1970ರ ದಶಕದಲ್ಲಿ ವಾಕಣಕರ್ ಮತ್ತು ಪುಣೆಯ ಡೆಕ್ಕನ್ ಕಾಲೇಜಿನ ವಿ. ಎನ್. ಮಿಶ್ರ ಇಲ್ಲಿ ಅಗೆದಾಗ, ಹಳೆಯ ಶಿಲಾಯುಗದ ಕೈಗೊಡಲಿಗಳಿಂದ ಹಿಡಿದು ಉಗುರಿನಷ್ಟು ಚಿಕ್ಕ ಸೂಕ್ಷ್ಮಶಿಲಾ ಉಪಕರಣಗಳವರೆಗೆ ಪದರ ಪದರವಾಗಿ ಸಿಕ್ಕವು. ಮಧ್ಯ ಶಿಲಾಯುಗದ ಆ ಚಿಕ್ಕ ಉಪಕರಣಗಳ ಪದರದಲ್ಲೇ ಬಣ್ಣದ ಉಂಡೆಗಳೂ ಇದ್ದವು. ಕೆಲವುಗಳ ಮೈ ತೇಯ್ದು ಚಪ್ಪಟೆಯಾಗಿತ್ತು. ಯಾರೋ ಕೂತು ಬಣ್ಣ ಅರೆದಿದ್ದಾರೆ. ಹಳೆಯ ಚಿತ್ರಗಳನ್ನು ಮಧ್ಯ ಶಿಲಾಯುಗಕ್ಕೆ ಸೇರಿಸುವುದರ ಹಿಂದೆ ಇಂಥ ಸಾಕ್ಷ್ಯಗಳಿವೆ.

ಹೋಗುವವರಿಗೆ ಒಂದು ಮಾತು: ಮಸುಕಾದ ಚಿತ್ರ ಎದ್ದು ಕಾಣಲೆಂದು ಬಂಡೆಗೆ ನೀರು ಎರಚಬೇಡಿ. ನೀರಿನೊಡನೆ ಒಸರುವ ಲವಣ ಒಣಗಿ, ಚಿತ್ರದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಜಾನ್ ಹಾರ್ಮನ್ ಎಂಬಾತ ರೂಪಿಸಿದ ‘ಡಿ-ಸ್ಟ್ರೆಚ್’ ತಂತ್ರಾಂಶವಿದೆ. ಫೋಟೊದಲ್ಲಿ ಕೆಂಪು ಕೆಂಪಿನ ನಡುವಿನ ಸಣ್ಣ ವ್ಯತ್ಯಾಸವನ್ನೂ ಹಿಗ್ಗಿಸಿ ತೋರಿಸುತ್ತದೆ. ಬರಿಗಣ್ಣಿಗೆ ಬರೀ ಕಲೆಯಾಗಿ ಕಂಡದ್ದರಲ್ಲಿ ಕಾಲು, ಕೊಂಬು, ಬಿಲ್ಲು ಮೂಡುತ್ತವೆ.

15ನೆಯ ಕಲ್ಲಾಸರೆಯವರೆಗೂ ನಡೆಯಿರಿ, ದಣಿದು ಅರ್ಧಕ್ಕೇ ತಿರುಗಬೇಡಿ. ಹಂದಿಯ ಮೂತಿ, ಗೂಳಿಯಂಥ ಕೊಂಬು ಇರುವ ದೈತ್ಯ ಪ್ರಾಣಿಯೊಂದು ಅಲ್ಲಿ ಪುಟ್ಟ ಮನುಷ್ಯನನ್ನು ಅಟ್ಟಿಸಿಕೊಂಡು ಹೋಗುತ್ತಿದೆ. ಜೊತೆಗೊಂದು ಏಡಿಯೂ ಇದೆ. ಝೂ ರಾಕ್‌ನ ಪ್ರಾಣಿಗಳಿಗೆ ಪ್ರಾಣಿಶಾಸ್ತ್ರಜ್ಞರು ಜಾತಿ ಹೆಸರಿಸಬಲ್ಲರು. ಇದು ಮಾತ್ರ ಯಾವ ಕಾಡಿನಲ್ಲೂ ಇದ್ದ ಪ್ರಾಣಿಯಲ್ಲ, ಬರೆದವರ ತಲೆಯಲ್ಲಿ ಹುಟ್ಟಿದ್ದು.